ಕಪ್ಪೆಯ ಹೆಬ್ಬೆರಳು

ಈ ಕಥೆಯಲ್ಲಿ ನನ್ನ ತಪ್ಪೇನೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೊಸೂರು ಸೀಮೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದವನು, ಹೆಸರು ನಂಜಪ್ಪ. ಕನ್ನಡ ಪಂಡಿತನಿಗೂ ಕಪ್ಪೆಗೂ ಯಾವ ಸಂಬಂಧವೂ ಇಲ್ಲ. ನಾನು ಆಡಿದ್ದು ಒಂದೇ ಒಂದು ಮಾತು, ಅದೂ ಬಾಯಲ್ಲಿ ಎಲೆ ಅಡಿಕೆ ಇದ್ದಾಗ. ಆ ಒಂದು ಮಾತಿಗೆ ಎರಡು ಊರು ಮುಖ ತಿರುಗಿಸಿಕೊಂಡು ಕೂತರೆ ಅದಕ್ಕೆ ನಾನು ಹೊಣೆಯಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಪೆಟ್ರೋಲು ಸಿಗದೆ ಬಸ್ಸುಗಳು ಇನ್ನೂ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಅಂಥದ್ದೊಂದು ಬಸ್ಸಿನಿಂದ ಮೈಯೆಲ್ಲ ಮಸಿ ಮಾಡಿಕೊಂಡು ಇಳಿದವನು ಅವಲಪಲ್ಲಿಯ ಪಾಪಯ್ಯನ ಮಗ ಆವುಲಪ್ಪ. ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದ. ಆ ಸುತ್ತಮುತ್ತಲಲ್ಲಿ ಅವನೇ ಮೊದಲ ಬಿ.ಎಸ್ಸಿ. ಮಾರನೆಯ ದಿನವೇ ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಬಾಗಿಲ ಮೇಲೆ ಬೋರ್ಡು ಹೊಡೆದ: ‘ಎ. ಆವುಲಪ್ಪ, ಬಿ.ಎಸ್ಸಿ., ಪ್ರಾಣಿಶಾಸ್ತ್ರ ವಿಶಾರದ.’ ಪಾಸಾದದ್ದು ಮೂರನೇ ದರ್ಜೆಯಲ್ಲಿ ಎಂಬುದನ್ನು ಬರೆಯುವಷ್ಟು ತಗಡು ಉಳಿದಿರಲಿಲ್ಲ.

ನಮ್ಮ ಶಾಲೆಗೆ ಅವನು ವಿಜ್ಞಾನದ ಮೇಷ್ಟ್ರಾಗಿ ಬಂದ. ದಾರಿಯಲ್ಲಿ ಹಸು ಅಡ್ಡ ಬಂದರೆ "ಬೋಸ್ ಇಂಡಿಕಸ್" ಎಂದು ಗೊಣಗಿ ಪಕ್ಕಕ್ಕೆ ಸರಿಯುವನು. ನಾಯಿ ಬೊಗಳಿದರೆ ಅದಕ್ಕೂ ಒಂದು ಲ್ಯಾಟಿನ್ ಹೆಸರು ಹೇಳಿ, ಆಮೇಲೆ ಓಡುವನು. ಅವನಿಗೆ ಬರುತ್ತಿದ್ದದ್ದು ಒಟ್ಟು ಏಳು ಪ್ರಾಣಿಗಳ ಹೆಸರು. ನಾನು ಎಣಿಸಿದ್ದೇನೆ. ಎಂಟನೆಯದು ಎದುರಾದರೆ ಕೆಮ್ಮುತ್ತಿದ್ದ.

ಇಷ್ಟು ಚುಚ್ಚಿದ ಮೇಲೆ ಒಂದು ನಿಜವನ್ನೂ ಹೇಳಬೇಕು. ಪಾಠ ಹೇಳುವುದೆಂದರೆ ಅವನಿಗೆ ಪ್ರಾಣ. ಬಣ್ಣದ ಸೀಮೆಸುಣ್ಣದಲ್ಲಿ ಜಿರಳೆಯ ಚಿತ್ರ ಬರೆದರೆ ಮುಂದಿನ ಬೆಂಚಿನವರು ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ನನ್ನ ವ್ಯಾಕರಣದ ತರಗತಿಯಲ್ಲಿ ಆಕಳಿಸುತ್ತಿದ್ದ ಹುಡುಗರು ಅವನ ತರಗತಿಗೆ ಗಂಟೆಗೆ ಮೊದಲೇ ಹೋಗಿ ಕೂರುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚಿಡುವುದೇನಿದೆ.

ಆದರೆ ಕೆಲಸ ಮಾತ್ರ ತಾತ್ಕಾಲಿಕ. ಜಿಲ್ಲಾ ಕೇಂದ್ರವಾದ ಸೇಲಂನಿಂದ ಇನ್ಸ್‌ಪೆಕ್ಟರ್ ಬಂದು ಅವನ ಒಂದು ಪಾಠ ನೋಡಿ ಮೆಚ್ಚಬೇಕು, ಶಾಲಾ ಕಮಿಟಿಯ ಇಬ್ಬರು ಹಿರಿಯರು ಕಾಗದಕ್ಕೆ ಸಹಿ ಹಾಕಬೇಕು. ಆಗ ಕಾಯಂ. ಇಲ್ಲವಾದರೆ ಮನೆಗೆ. ಮನೆಯಲ್ಲಿ ಅಪ್ಪ ಪಾಪಯ್ಯ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ: "ಎತ್ತು ಕಟ್ಟಿ ಮಡಗಿವ್ನಿ ಕಣ್ಲಾ. ಕಾಯಂ ಆಗ್ಲಿಲ್ಲ ಅಂದ್ರೆ ಮಾರನೇ ದಿನ್ವೇ ಬಂದು ಮೇಣಿ ಹಿಡಿ." ಆವುಲಪ್ಪ ಹಿಂದೆ ಒಂದೇ ಸಲ ಮೇಣಿ ಹಿಡಿದಿದ್ದ. ಅವತ್ತು ಎತ್ತುಗಳು ನೇಗಿಲಿನ ಜೊತೆ ಅವನನ್ನೂ ಎಳೆದುಕೊಂಡು ರಾಯಕೋಟೆಯ ರಸ್ತೆ ಹಿಡಿದಿದ್ದವು.

ಆ ವರ್ಷ ಆಷಾಢ ಬಂದರೂ ಮಳೆ ಬೀಳಲಿಲ್ಲ. ಮಳೆ ತಡವಾದರೆ ನಮ್ಮ ಕಡೆ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ಆಷಾಢದಲ್ಲಿ ಮದುವೆ ಕೂಡದು ಎಂಬ ನಿಯಮ ಮನುಷ್ಯರಿಗೆ ಮಾತ್ರ. ಅವಲಪಲ್ಲಿಯ ಕುಂಟೆಯಿಂದ, ಅಂದರೆ ನೀರಿನ ಹೊಂಡದಿಂದ, ಗಂಡು ಕಪ್ಪೆ, ಮತ್ತಿಗಿರಿಯ ಕುಂಟೆಯಿಂದ ಹೆಣ್ಣು ಕಪ್ಪೆ. ಇದು ಮೊದಲಿನಿಂದ ಬಂದ ಏರ್ಪಾಡು. ಅವಲಪಲ್ಲಿಯ ಕಪ್ಪೆಗಳು ದಪ್ಪ, ಆದ್ದರಿಂದ ಅವು ಗಂಡು. ಅದಕ್ಕಿಂತ ಹೆಚ್ಚು ಯಾರೂ ನೋಡಲು ಹೋದವರಲ್ಲ.

ಕಪ್ಪೆಯದಾದರೂ ಮದುವೆ ಮದುವೆಯೇ. ಮತ್ತಿಗಿರಿಯವರು ಹೆಣ್ಣಿನ ಕಡೆಯವರಾಗಿ ಅವಲಪಲ್ಲಿಯವರ ಕಾಲು ತೊಳೆಯಬೇಕು, ಅಡುಗೆ ಮಾಡಿ ಬಡಿಸಬೇಕು, ಕೊನೆಗೆ ತಾವು ಉಣ್ಣಬೇಕು. ಅವಲಪಲ್ಲಿಯವರು ಗಂಡಿನ ಕಡೆಯವರಾಗಿ ಕೊಂಕು ತೆಗೆಯಬೇಕು. ಹೋದ ವರ್ಷ ಅವಲಪಲ್ಲಿಯ ಯಜಮಾನ ರಾಮಕೃಷ್ಣಪ್ಪ, ಒಬ್ಬಟ್ಟಿನಲ್ಲಿ ಬೆಲ್ಲ ಸಾಲದು ಎಂದು ಎಲೆ ಬಿಟ್ಟು ಎದ್ದುಬಿಟ್ಟಿದ್ದ. ಮತ್ತಿಗಿರಿಯ ಯಜಮಾನ ವೆಂಕಟರಮಣಪ್ಪ ಕೈಮುಗಿದು ಅವನನ್ನು ಮತ್ತೆ ಕೂರಿಸಿದ್ದ. ಬೆಲ್ಲವೂ ರೇಷನ್ನಿನಲ್ಲಿದ್ದ ಕಾಲ ಅದು. ವೆಂಕಟರಮಣಪ್ಪ ಆ ಅವಮಾನವನ್ನು ಮರೆತಿರಲಿಲ್ಲ.

ಈ ಇಬ್ಬರು ಯಜಮಾನರೇ ನಮ್ಮ ಶಾಲಾ ಕಮಿಟಿಯ ಹಿರಿಯರು. ಮದುವೆಯ ದಿನ ಶಾಲೆಗೆ ರಜಾ ಕೇಳಲು ಇಬ್ಬರೂ ಒಟ್ಟಿಗೆ ಬಂದು ನಮ್ಮ ಮೇಷ್ಟ್ರುಗಳ ಕೋಣೆಯಲ್ಲಿ ಕೂತರು.

"ಹೋದ್ವರ್ಷ ಮದ್ವೆ ಮಾಡಿದ್ರೂವೆ ಮಳೆ ಬರ್ಲಿಲ್ಲ," ಎಂದ ವೆಂಕಟರಮಣಪ್ಪ. "ಜೋಡೀಲಿ ಏನೋ ಐಬಿತ್ತು."

"ನಮ್ ಗಂಡಲ್ಲಿ ಐಬಿರ್ಲಿಲ್ಲ," ಎಂದ ರಾಮಕೃಷ್ಣಪ್ಪ. "ನಿಮ್ ಹೆಣ್ಣಲ್ಲಿತ್ತೇನೋ, ನೋಡ್ಕೊಳ್ರಪ್ಪ."

ಆಗ ನಾನು ಆ ಮಾತು ಆಡಿದೆ. "ನೋಡೋದಕ್ಕೆ ನಮ್ಮಲ್ಲೇ ವಿಶಾರದರು ಇದ್ದಾರಲ್ಲ," ಎಂದೆ. ಅಷ್ಟೇ. ಎದ್ದು ಉಗುಳಲು ಹೊರಗೆ ಹೋದೆ. ವಾಪಸು ಬರುವ ಹೊತ್ತಿಗೆ ಆವುಲಪ್ಪ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

"ರಾನಾ ಟೈಗ್ರಿನಾ," ಎಂದು ಶುರುಮಾಡಿದ. "ಕಪ್ಪೇಲಿ ಗಂಡು ಹೆಣ್ಣು ಗಾತ್ರದಿಂದ ತಿಳಿಯಲ್ಲ. ಮುಂಗಾಲಿನ ಹೆಬ್ಬೆರಳು ನೋಡಿದ್ರೆ ಸಾಕು, ನಾನು ಸರ್ಟಿಫಿಕೇಟ್ ಕೊಡ್ತೀನಿ."

ಸರ್ಟಿಫಿಕೇಟ್ ಎಂಬ ಮಾತು ಕೇಳಿ ಇಬ್ಬರು ಯಜಮಾನರೂ ಗಂಭೀರರಾದರು. ನೂರಾರು ಮದುವೆ ಕಂಡ ಅವರು ಸರ್ಟಿಫಿಕೇಟ್ ಇರುವ ಮದುವೆ ಕಂಡಿರಲಿಲ್ಲ.

ಬುಧವಾರ ಎರಡು ಊರಿನ ನಡುವಿನ ಹೊಂಗೆಮರದ ಕಟ್ಟೆಯಲ್ಲಿ ಜನ ಸೇರಿದರು. ಅರಿಶಿನ ಬಳಿದ ಎರಡು ಮಡಕೆಗಳಲ್ಲಿ ವಧೂವರರು ಕೂತಿದ್ದರು. ಮತ್ತಿಗಿರಿಯವರು ಕಾಲು ತೊಳೆದು ಆಗಿತ್ತು. ಹಿಂದೆ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಆವುಲಪ್ಪ ಜೇಬಿನಿಂದ ಭೂತಗನ್ನಡಿ ತೆಗೆದ. ವಾದ್ಯದವರು ತಾವಾಗಿಯೇ ನಿಲ್ಲಿಸಿದರು. ಅವನು ಅವಲಪಲ್ಲಿಯ ಕಪ್ಪೆಯ ಕೈ ಹಿಡಿದು ಹೆಬ್ಬೆರಳು ನೋಡಿದ, ಮತ್ತಿಗಿರಿಯ ಕಪ್ಪೆಯ ಹೆಬ್ಬೆರಳು ನೋಡಿದ, ಆಕಾಶ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದ: "ಅವಲಪಲ್ಲಿಯದು ಹೆಣ್ಣು."

ಮೊದಲು ಚೇತರಿಸಿಕೊಂಡವನು ವೆಂಕಟರಮಣಪ್ಪ.

"ಅಂದ್ರೆ," ಎಂದ, ಒಂದೊಂದೇ ಮಾತು ತೂಗಿ, "ನಾವು ಗಂಡಿನ ಕಡೆಯೋರು."

"ಶಾಸ್ತ್ರದ ಪ್ರಕಾರ, ಹೌದು."

"ಇಪ್ಪತ್ತೆರಡು ವರ್ಷದಿಂದ ಇವ್ರ ಕಾಲು ತೊಳ್ದಿವ್ನಿ, ಮೇಷ್ಟ್ರೇ." ರಾಮಕೃಷ್ಣಪ್ಪನ ಕಡೆ ಕೈ ತೋರಿಸಿದ. "ಬೆಲ್ಲ ಸಾಲ್ದು ಅಂದಿದ್ರು. ಅವ್ರೇ ಹೆಣ್ಣು ಮಡಿಕ್ಕೊಂಡು ನಮ್ಗೆ ಬೆಲ್ಲ ಸಾಲ್ದು ಅಂದಿದ್ರು."

ಮತ್ತಿಗಿರಿಯವರೆಲ್ಲ ಒಟ್ಟಿಗೆ ಹೋಗಿ ಗಂಡಿನ ಕಡೆಯ ಚಾಪೆಯ ಮೇಲೆ ಕೂತು ಕಾಲು ಚಾಚಿದರು. ಅಡುಗೆ ಮಾಡಿದ್ದವರೂ ಸೌಟು ಬಿಟ್ಟು ಬಂದು ಚಾಚಿದರು. ಅನ್ನ ಸೀಯಲು ಶುರುವಾಯಿತು. ಸೀದ ವಾಸನೆ ಬಂದರೂ ಇಳಿಸುವವರಿಲ್ಲ, ಏಕೆಂದರೆ ಇಳಿಸಿದವರು ಹೆಣ್ಣಿನ ಕಡೆಯವರಾಗುತ್ತಿದ್ದರು.

ಅವಲಪಲ್ಲಿಯ ಗುಂಪಿನಿಂದ ಪಾಪಯ್ಯನ ಧ್ವನಿ ಎದ್ದಿತು. "ಹುಟ್ಟಿದ ಊರಿನ ಗಂಡನ್ನ ಹೆಣ್ಣು ಮಾಡ್ಬುಟ್ಯಲ್ಲಲಾ. ಇದುಕ್ಕೇನ್ಲಾ ನಿನ್ನ ಬೆಂಗ್ಳೂರಿಗೆ ಕಳ್ಸಿದ್ದು."

ಊರಿನ ಇನ್ನೂರು ಕಣ್ಣು ತನ್ನ ಮೇಲೆ ಬಿದ್ದದ್ದು ಕಂಡು ಆವುಲಪ್ಪನಿಗೆ ಬೆವರು ಹರಿಯಿತು. "ಇರಿ, ಇನ್ನೊಂದ್ಸಲ ನೋಡ್ತೀನಿ," ಎಂದು ಭೂತಗನ್ನಡಿ ಹಿಡಿದ. ನೋಡಿ, "ಗಂಡೂ ಇರಬಹುದು," ಎಂದ. ಈಗ ಮತ್ತಿಗಿರಿಯವರು ಎದ್ದರು. ಮತ್ತೆ ನೋಡಿ, "ಹೆಣ್ಣೂ ಇರಬಹುದು," ಎಂದ. ಹೀಗೆ ಆ ಬಡ ಕಪ್ಪೆ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಗಂಡಾಯಿತು, ಐದು ಸಲ ಹೆಣ್ಣಾಯಿತು.

ಕೊನೆಗೆ ತೀರ್ಮಾನವಾಯಿತು. ಎರಡೂ ಕಪ್ಪೆಗಳು ಶಾಲೆಯಲ್ಲಿ ಇರಬೇಕು. ಸೋಮವಾರ ಎಲ್ಲರ ಮುಂದೆ ಆವುಲಪ್ಪ ಖಚಿತವಾಗಿ ಹೇಳಬೇಕು. ಹೇಳದಿದ್ದರೆ ಅವನ ಕಾಗದಕ್ಕೆ ಇಬ್ಬರೂ ಸಹಿ ಹಾಕುವುದಿಲ್ಲ. ಹೇಳಿದರೆ ಸೋತ ಕಡೆಯವನು ಹಾಕುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಮಾರನೆಯ ದಿನದ ಟಪಾಲಿನಲ್ಲಿ ಹೆಡ್‌ಮಾಸ್ಟರಿಗೆ ಸೇಲಂನಿಂದ ಕಾಗದ ಬಂತು. ಇನ್ಸ್‌ಪೆಕ್ಟರು ಬರುವುದೂ ಸೋಮವಾರವೇ.

"ನಂಜಪ್ಪ ಮೇಷ್ಟ್ರೇ, ನಾನು ಮುಳುಗಿದೆ," ಎಂದು ಆವುಲಪ್ಪ ನನ್ನ ಮುಂದೆ ಕುಸಿದು ಕೂತ. "ಹೆಬ್ಬೆರಳು ದಪ್ಪ ಇರೋದು ಒಂದಕ್ಕೆ ಅಂತ ಗೊತ್ತು. ಯಾವುದಕ್ಕೆ ಅನ್ನೋದು ಮರ್ತುಹೋಗಿದೆ."

"ಕಾಲೇಜಿನ ರೆಕಾರ್ಡು ಪುಸ್ತಕ ಇದೆಯಲ್ಲ, ತೆಗೆದು ನೋಡು," ಎಂದೆ.

ಇತ್ತು. ಅವನ ತಾಯಿ ಬೈರಮ್ಮ ಅದರ ಹಾಳೆಗಳನ್ನು ಉಪ್ಪಿನಕಾಯಿ ಜಾಡಿಗಳ ಬಾಯಿಗೆ ಕಟ್ಟಿದ್ದಳು. ಕಪ್ಪೆಯ ಹಾಳೆ ಮಾವಿನಕಾಯಿ ಜಾಡಿಯ ಮೇಲೆ ಸಿಕ್ಕಿತು. ಎಣ್ಣೆ ಕುಡಿದು ಚಿತ್ರವೆಲ್ಲ ಅಳಿಸಿಹೋಗಿ, ‘ಹೆಬ್ಬೆರಳು’ ಎಂಬ ಒಂದು ಪದವೂ ಅದನ್ನು ತೋರಿಸುವ ಬಾಣವೂ ಉಳಿದಿದ್ದವು. ಬೆಂಗಳೂರಿನಲ್ಲಿದ್ದ ಸಹಪಾಠಿ ಶ್ಯಾಮಣ್ಣನಿಗೆ ಆವುಲಪ್ಪ ಆವತ್ತೇ ಕಾರ್ಡು ಬರೆದ. ಶನಿವಾರ ಉತ್ತರ ಬಂತು: ‘ಕ್ಷೇಮ. ನಿನ್ನ ಪ್ರಶ್ನೆ ನೋಡಿ ಆಶ್ಚರ್ಯವಾಯಿತು. ಪರೀಕ್ಷೆಯಲ್ಲಿ ಆ ಉತ್ತರವನ್ನು ನಾನು ನಿನ್ನದನ್ನು ನೋಡಿಯೇ ಬರೆದದ್ದು.’

ಕಪ್ಪೆಯನ್ನು ಕೊಯ್ದು ನೋಡಿದರೆ ಸಂಶಯವೇ ಇರುತ್ತಿರಲಿಲ್ಲ. ಆದರೆ ಮಡಕೆಗಳ ಪಕ್ಕದಲ್ಲಿ ಮತ್ತಿಗಿರಿಯ ಮುನಿಗಂಗಮ್ಮ ಕಾವಲು ಕೂತಿದ್ದಳು. ತಮ್ಮ ಕಪ್ಪೆ ಗಂಡಾದರೂ ಇರಲಿ ಹೆಣ್ಣಾದರೂ ಇರಲಿ ಎಂದು ಅದಕ್ಕೆ ದಿನಕ್ಕೊಮ್ಮೆ ಕುಂಕುಮ ಇಡುತ್ತಿದ್ದಳು, ಒಂದು ಚೂರು ಶಲ್ಯವನ್ನೂ ಹೊದಿಸಿದ್ದಳು. ಪ್ರಯೋಗಶಾಲೆಯ ಬಕೆಟ್ಟಿನಲ್ಲಿ ಆವುಲಪ್ಪ ಪಾಠಕ್ಕೆಂದು ಹಿಡಿದಿಟ್ಟ ಇನ್ನೆರಡು ಕಪ್ಪೆಗಳಿದ್ದವು. ಸೋಮವಾರ ಇನ್ಸ್‌ಪೆಕ್ಟರ ಮುಂದೆ ಕೊಯ್ಯಬೇಕಾದವು ಅವು. ಅವುಗಳಿಗೆ ಕುಂಕುಮ ಇಡುವವರು ಯಾರೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬೈರಮ್ಮ ಶಾಲೆಗೇ ಬುತ್ತಿ ತಂದಳು. ನಾನೂ ಅಲ್ಲೇ ಇದ್ದೆ. ಮೂರು ದಿನದಿಂದ ಅವನು ಮನೆಯ ಕಡೆ ಹೋಗಿರಲಿಲ್ಲ; ಜಗಲಿಯ ಮೇಲೆ ಅಪ್ಪ ಇದ್ದ, ಕೊಟ್ಟಿಗೆಯಲ್ಲಿ ಎತ್ತುಗಳಿದ್ದವು. ಮಗ ಮುದ್ದೆ ಮುರಿಯದೆ ಕೂತದ್ದು ಕಂಡು ಕೇಳಿದಳು: "ಏನಪ್ಪಾ ಅಂಥಾ ಕಷ್ಟ?"

ಅವನು ಹೆಬ್ಬೆರಳಿನ ಕಥೆಯೆಲ್ಲ ಹೇಳಿದ.

"ಅಷ್ಟೇಯಾ?" ಎಂದಳು ಬೈರಮ್ಮ. "ಮೈಮೇಲೆ ನೀರು ಬಿದ್ರೆ ವಟಗುಟ್ಟೋದು ಗಂಡು. ಹೆಣ್ಣು ಸುಮ್ಕಿರ್ತದೆ."

"ನಿನಗೆ ಹೆಂಗಮ್ಮ ಗೊತ್ತು?"

"ನಾಟಿ ಹಾಕೋವಾಗ ಮೊಣಕಾಲುದ್ದ ನೀರಾಗೆ ಇರೋರು ನಾವು. ನೀವು ಬದುವಿನ ಮೇಲೆ ನಿಂತಿರ್ತೀರ." ಸಾರು ಬಡಿಸುತ್ತ ಸೇರಿಸಿದಳು, "ಮನೇಲೂ ನೋಡಿಲ್ವಾ? ಜಗಲಿ ಮ್ಯಾಲೆ ಕೂತು ಕೂಗೋದು ಯಾರು, ಒಳಗೆ ಸುಮ್ಕೆ ಕೆಲ್ಸ ಮಾಡೋದು ಯಾರು?"

ಆವುಲಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತ. "ಹೌದು. ಪುಸ್ತಕದಲ್ಲೂ ಇತ್ತು. ಗಂಡಿಗೆ ಗಂಟಲಲ್ಲಿ ಚೀಲ. ಇತ್ತು ಮೇಷ್ಟ್ರೇ, ಇತ್ತು." ಮೂರು ವರ್ಷದ ಕಾಲೇಜು ಅವನಿಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಆಮೇಲೆ ಎರಡು ಮುದ್ದೆ ಉಂಡ.

ಸೋಮವಾರ ಇನ್ಸ್‌ಪೆಕ್ಟರು ಬಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ಕಿಟಕಿಗಳ ತುಂಬ ತಲೆಗಳು. ಎಡಗಡೆ ಅವಲಪಲ್ಲಿ, ಬಲಗಡೆ ಮತ್ತಿಗಿರಿ. "ಎನ್ನ ಸಾರ್ ಇದು, ಇಷ್ಟೊಂದು ಜನ?" ಎಂದು ಅವರು ಹೆಡ್‌ಮಾಸ್ಟರನ್ನು ಕೇಳಿದರು. ಹೆಡ್‌ಮಾಸ್ಟರು ಬೆವರು ಒರೆಸಿಕೊಂಡು, "ವಿಜ್ಞಾನದಲ್ಲಿ ಆಸಕ್ತಿ ಸಾರ್," ಎಂದರು.

ಆವುಲಪ್ಪ ಮೇಜಿನ ಮೇಲೆ ಎರಡು ಮಡಕೆ ಇಟ್ಟು, ಸಭೆಗೆ ಕೈಮುಗಿದು, ಪಾಠ ಶುರುಮಾಡಿದ. ಲ್ಯಾಟಿನ್ ಒಂದು ಮಾತೂ ಬರಲಿಲ್ಲ. "ಇವತ್ತು ನಾನು ಮಾತಾಡೋದಿಲ್ಲ. ಇವು ಮಾತಾಡ್ತವೆ. ಯಾವುದು ಕೂಗುತ್ತೋ ಅದು ಗಂಡು. ಎಲ್ಲರೂ ಕಿವಿಗೊಟ್ಟು ಕೇಳಿ," ಎಂದ. ಕಿಟಕಿಯ ಹೆಂಗಸರೆಲ್ಲ ತಲೆಯಾಡಿಸಿದರು. ಅವರಿಗೆ ಇದು ಹೊಸದಾಗಿರಲಿಲ್ಲ. ಗಂಡಸರು ಹೆಂಗಸರ ಮುಖ ನೋಡಿ ತಾವೂ ತಲೆಯಾಡಿಸಿದರು. ಅವನು ಜರಡಿ ಹಿಡಿದು, ಅದರೊಳಗೆ ಚೊಂಬಿನಿಂದ ನೀರು ಸುರಿದು, ಮಡಕೆಗಳ ಮೇಲೆ ಮಳೆ ಸುರಿಸಿದ.

ಒಂದು ಚೊಂಬು ಮುಗಿಯಿತು. ಎರಡು ಮುಗಿದವು. ಯಾರೂ ಉಸಿರು ಬಿಡಲಿಲ್ಲ. ಆವುಲಪ್ಪ ಮತ್ತೆ ಚೊಂಬು ತುಂಬಿಕೊಂಡ. ನಿಜ ಹೇಳುತ್ತೇನೆ, ಆ ಹುಡುಗ ಮೇಣಿ ಹಿಡಿಯಬಾರದು ಎಂದು ನಾನೂ ಒಳಗೊಳಗೇ ಬಸವಣ್ಣನಿಗೆ ಹರಸಿಕೊಂಡೆ.

ಐದನೆಯ ಚೊಂಬಿಗೆ ಅವಲಪಲ್ಲಿಯ ಮಡಕೆಯಿಂದ ‘ವಟರ್’ ಎಂದಿತು.

ಎಡಗಡೆಯ ಕಿಟಕಿ ಕುಣಿಯಿತು. ರಾಮಕೃಷ್ಣಪ್ಪ ಮೀಸೆಗೆ ಕೈ ಹಾಕಿದ. ಕೈ ಮೀಸೆ ಮುಟ್ಟುವ ಮೊದಲೇ ಮತ್ತಿಗಿರಿಯ ಮಡಕೆಯಿಂದ, ಶಲ್ಯದ ಒಳಗಿನಿಂದ, ಅದಕ್ಕಿಂತ ಜೋರಾಗಿ ‘ವಟರ್ ವಟರ್’ ಎಂದಿತು. ಬಲಗಡೆಯ ಕಿಟಕಿ ಕುಣಿಯಿತು.

"ಎರಡೂ ಗಂಡು," ಎಂದ ಆವುಲಪ್ಪ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. "ಎರಡು ಊರಿನೋರೂ ಗಂಡಿನ ಕಡೆಯೋರೇ. ಹೋದ್ವರ್ಷ ಮಳೆ ಯಾಕೆ ಬರಲಿಲ್ಲ ಅನ್ನೋದಕ್ಕೂ ಇದೇ ಕಾರಣ ಇರಬಹುದು."

ರಾಮಕೃಷ್ಣಪ್ಪ, ವೆಂಕಟರಮಣಪ್ಪ ಒಬ್ಬರನ್ನೊಬ್ಬರು ನೋಡಿದರು. ಯಾರೂ ಸೋತಿರಲಿಲ್ಲ. ಇಬ್ಬರ ಮುಖವೂ ಅರಳಿತು. ಆಮೇಲೆ ಇಬ್ಬರ ಮುಖವೂ ಒಟ್ಟಿಗೆ ಬಾಡಿತು.

"ಅಲ್ಲ," ಎಂದ ವೆಂಕಟರಮಣಪ್ಪ, "ಎಲ್ಲಾರೂ ಗಂಡಿನ ಕಡೆಯೋರಾದ್ರೆ ಊಟ ಹಾಕೋರು ಯಾರು?"

"ಹೆಣ್ಣು ಎಲ್ಲಿ?" ಎಂದು ಇನ್ಸ್‌ಪೆಕ್ಟರೂ ಕೇಳಿದರು. ಅಷ್ಟು ಹೊತ್ತಿಗೆ ಅವರು ನೋಟ್‌ಬುಕ್ ಮಡಿಸಿಟ್ಟು ಮೇಜಿನ ಹತ್ತಿರಕ್ಕೇ ಬಂದಿದ್ದರು.

ಬಾಗಿಲಲ್ಲಿ ನಿಂತಿದ್ದ ಬೈರಮ್ಮ ಪ್ರಯೋಗಶಾಲೆಯ ಬಕೆಟ್ಟನ್ನು ತಂದು ಮೇಜಿನ ಮೇಲಿಟ್ಟಳು. "ಎಂಟು ದಿನದಿಂದ ನೀರಾಗೇ ಅವೆ. ಒಂದು ಸದ್ದಿಲ್ಲ. ಇವೇ ಹೆಣ್ಣು. ಒಂದಲ್ಲ, ಎರಡು."

ಜರಡಿಯ ನೀರು ಅವುಗಳ ಮೇಲೂ ಬಿತ್ತು. ಅವು ಸುಮ್ಮನಿದ್ದವು. ಅವತ್ತು ಕೊಯ್ಯಬೇಕಾಗಿದ್ದ ಕತ್ತರಿ ಪಕ್ಕದಲ್ಲೇ ಇತ್ತು. ಯಾರೋ ಅದರ ಮೇಲೆ ಒಂದು ಎಲೆ ಮುಚ್ಚಿದರು.

"ಯಾರ್ದು ಈ ಹೆಣ್ಣುಗಳು?" ಎಂದ ರಾಮಕೃಷ್ಣಪ್ಪ.

"ಸೈನ್ಸ್ ಮೇಷ್ಟ್ರದು," ಎಂದರು ಹುಡುಗರು ಒಟ್ಟಿಗೆ.

ಎರಡು ಊರಿನ ಕಣ್ಣೂ ಆವುಲಪ್ಪನ ಮೇಲೆ ನಿಂತವು. ಇಪ್ಪತ್ಮೂರು ವರ್ಷದ ಬ್ರಹ್ಮಚಾರಿ ಅವನು. ರಾಮಕೃಷ್ಣಪ್ಪ ಮುಂದೆ ಬಂದು ಕೈಮುಗಿದ. "ಬೀಗ್ರೇ, ಮುಹೂರ್ತ ಇವತ್ತೇ ಐತೆ," ಎಂದ.

ಶಾಲೆಯ ಅಂಗಳದಲ್ಲೇ ಎರಡು ಮದುವೆಯಾಯಿತು. ಆವುಲಪ್ಪ ಕೋಟು ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ಇಬ್ಬರು ಯಜಮಾನರ ಕಾಲು ತೊಳೆದ. ಬೈರಮ್ಮನೂ ಮುನಿಗಂಗಮ್ಮನೂ ಸೇರಿ ಅಡುಗೆ ಮಾಡಿದರು. ಪಾಪಯ್ಯ ಗಂಡಿನ ಕಡೆಯ ಊರಿನವನು, ಹೆಣ್ಣುಗಳ ಅಜ್ಜನೂ ಹೌದು. ಎಲ್ಲಿ ಕೂರಬೇಕೆಂದು ತಿಳಿಯದೆ ಮೊದಲನೆಯ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದ. ಇನ್ಸ್‌ಪೆಕ್ಟರು ಮುಖ್ಯ ಅತಿಥಿಗಳಾಗಿ ಕೂತು, ಬೆಲ್ಲ ಸರಿಯಾಗಿದೆ ಎಂದರು.

ಧಾರೆಯ ನೀರು ಬೀಳುವ ಹೊತ್ತಿಗೆ ಸರಿಯಾಗಿ, ವಧುಗಳಲ್ಲಿ ಒಬ್ಬಳು ತಟ್ಟೆಯಲ್ಲಿ ಕೂತಲ್ಲೇ ಗಂಟಲು ಉಬ್ಬಿಸಿ ‘ವಟರ್’ ಎಂದಳು.

ಕೇಳಿದವರು ನಾವು ನಾಲ್ಕೇ ಜನ: ನಾನು, ಆವುಲಪ್ಪ, ಬೈರಮ್ಮ, ವಾದ್ಯದ ಲಕ್ಷ್ಮಣಪ್ಪ. ಆವುಲಪ್ಪನ ಕೈಯ ಚೊಂಬು ಅಲ್ಲೇ ನಿಂತಿತು. ಬೈರಮ್ಮ ಒಂದು ಕ್ಷಣವೂ ಯೋಚಿಸದೆ ದೊಡ್ಡ ಗಂಟಲಲ್ಲಿ ಸೋಬಾನೆ ಎತ್ತಿದಳು. ಎರಡು ಊರಿನ ಹೆಂಗಸರೂ ದನಿಗೂಡಿಸಿದರು. ಲಕ್ಷ್ಮಣಪ್ಪ ಡೋಲು ಬಾರಿಸಿದ. ಆ ಗದ್ದಲದಲ್ಲಿ ಆ ವಧು ಇನ್ನೂ ಏಳೆಂಟು ಸಲ ಏನೇನೋ ಹೇಳಿದಳು, ಯಾರಿಗೂ ಕೇಳಿಸಲಿಲ್ಲ. ಕಪ್ಪೆಗಳನ್ನು ಕುಂಟೆಗೆ ಬಿಟ್ಟು ಬರುವ ದಾರಿಯಲ್ಲಿ ಮೂಡಣದಿಂದ ಮೋಡ ಎದ್ದು, ಊಟದ ಎಲೆ ಎತ್ತುವ ಮೊದಲೇ ಮಳೆ ಹಿಡಿಯಿತು.

ಇಬ್ಬರು ಯಜಮಾನರೂ ನೆನೆಯುತ್ತಲೇ ಸಹಿ ಹಾಕಿದರು. ಇನ್ಸ್‌ಪೆಕ್ಟರ ವರದಿಯನ್ನು ಹೆಡ್‌ಮಾಸ್ಟರು ನನಗೆ ಓದಲು ಕೊಟ್ಟಿದ್ದರು: ‘ಈ ಉಪಾಧ್ಯಾಯರು ನಲವತ್ತು ವಿದ್ಯಾರ್ಥಿಗಳನ್ನೂ ಇನ್ನೂರು ಗ್ರಾಮಸ್ಥರನ್ನೂ ಕಾಲು ಗಂಟೆ ಮೌನವಾಗಿ ನಿಲ್ಲಿಸಿ ಪ್ರಕೃತಿಯನ್ನು ಕೇಳಿಸಿದರು. ಇಂಥ ಪಾಠವನ್ನು ನನ್ನ ಸೇವೆಯಲ್ಲಿ ಕಂಡಿಲ್ಲ.’ ಆವುಲಪ್ಪ ಕಾಯಂ ಆದ. ಆರ್ಡರು ಕೈಗೆ ಬಂದ ದಿನ ಅದನ್ನು ಅಮ್ಮನ ಕೈಯಲ್ಲಿಟ್ಟು ಗಳಗಳನೆ ಅತ್ತ. ಬಾಗಿಲ ಮೇಲಿನ ಬೋರ್ಡನ್ನು ಅವನೇ ಇಳಿಸಿದ. ಬೈರಮ್ಮ ಅದನ್ನು ಕೋಳಿಗೂಡಿಗೆ ಮುಚ್ಚಳ ಮಾಡಿದಳು. ಎತ್ತುಗಳನ್ನು ಪಾಪಯ್ಯ ತಾನೇ ಹೂಡಿದ.

ಅಲ್ಲಿಂದ ಮುಂದೆ ಎರಡು ಊರಿನವರೂ ಅವನನ್ನು ಮೇಷ್ಟ್ರೇ ಎನ್ನುವುದನ್ನು ಬಿಟ್ಟು ಬೀಗ್ರೇ ಎಂದೇ ಕರೆದರು. ಮಳೆ ತಡವಾದರೆ ಎರಡು ಗಂಡಿನ ದಿಬ್ಬಣ ನೇರವಾಗಿ ಶಾಲೆಗೆ ಬರುತ್ತಿತ್ತು. ಅವನು ಕಾಲು ತೊಳೆದು, ಊಟ ಹಾಕಿ, ಕೊನೆಗೆ ತಾನು ಉಣ್ಣುತ್ತಿದ್ದ.

ಮಾರನೆಯ ವರ್ಷ ರಾಯಕೋಟೆಯ ಕಡೆ ಅವನಿಗೊಂದು ಹೆಣ್ಣು ನೋಡಲು ಹೋದೆವು. ನಾನೂ ಜೊತೆಗಿದ್ದೆ. ಹುಡುಗಿ ಒಪ್ಪಿಗೆಯಾಯಿತು, ಜಾತಕ ಕೂಡಿತು, ಕಾಯಂ ಕೆಲಸ ಎಂದು ಕೇಳಿ ಎಲ್ಲರೂ ಸಂತೋಷಪಟ್ಟರು. ಎಲೆ ಅಡಿಕೆಯ ತಟ್ಟೆ ಮುಂದೆ ಬಂದಾಗ ಹುಡುಗಿಯ ತಂದೆ ಸೊಣ್ಣಪ್ಪ ಮಾತ್ರ ಮುಟ್ಟದೆ ಕೂತಿದ್ದ. ಏನು ಸಂಶಯ ಎಂದು ಕೇಳಿದೆ. ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಹುಡುಗನಿಗೆ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ:

"ಹುಡುಗ ಒಳ್ಳೇವ್ನೇ ಮೇಷ್ಟ್ರೇ. ಆದ್ರೆ ಹೋದ್ವರ್ಷ ಎರಡು ಹೆಣ್ಮಕ್ಳ ಮದ್ವೆ ಮಾಡ್ದ ಅಂತ ಅವ್ರೂರೋರೇ ಹೇಳಿದ್ರು. ಮೊದಲ್ನೇ ಹೆಂಡ್ತಿ ಏನಾದ್ಲು?"